ದುಬೈಯ ಹೊಳಪು

ಕಿನ್ನಿ ಬೂತಾಯಿ ಮೀನು ಉಜ್ಜುತ್ತಿದ್ದಳು. ಹಿತ್ತಲಿನ ಬಾವಿಯ ಬಳಿ, ಮನೆಯವರೆಲ್ಲ ಮುಖ ತೊಳೆಯುವ ಕಲ್ಲಿನ ಪಕ್ಕ. ಕೆಲಸ ಮಾಡುವಾಗ ಅವಳಿಗೆ ಮಾತಿಲ್ಲ. ಕೆಲಸವಿಲ್ಲದಾಗಲೂ ಇಲ್ಲ. ಉಜ್ಜಿ ಮುಗಿಸಿ, ಕೈ ತೊಳೆದು, ಕಲ್ಲಿಗೆ ಕೈ ಊರಿ ಎದ್ದಳು. ಕೆನ್ನೆಯ ಬೆವರು ಒರೆಸಿಕೊಂಡಳು.

ಒಳಗಿನಿಂದ ಅಮ್ಮಣಿ ಮಾಮಿಯ ಕೂಗು ಕೇಳಿತು.

"ಡಬ್ಬಿ ಎಲ್ಲಿ?"

ಯಾವ ಡಬ್ಬಿ ಎಂದು ಫಳ್ನೀರಿನ ಆ ಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಮಾಮಿಯ ಮಗ ಮೋಹನದಾಸ್ ತಂಗಿ ಜಯಳಿಗೆಂದು ದುಬೈಯಿಂದ ಕಳಿಸಿದ ಚಿನ್ನದ ಬಣ್ಣದ ಪುಟ್ಟ ಡಬ್ಬಿ. ಮೇಲೆಲ್ಲ ಅರಬ್ಬಿ ಅಕ್ಷರ. ಒಳಗೆ ಮಿರಮಿರ ಮಿಂಚುವ, ಗುಲಾಬಿ ಪರಿಮಳದ ಪುಡಿ.

ತಂದುಕೊಟ್ಟ ಗೆಳೆಯ ಅಯ್ಯೂಬ್ ಚಾವಡಿಯಲ್ಲಿ ಎಲ್ಲರೆದುರು ವಿವರಿಸಿದ್ದ. "ಬೆರಳಿನಲ್ಲಿ ಒಂದು ಚೂರು ತೆಗೆದು ಮೆಲ್ಲ ತಿಕ್ಕುವುದು, ಅಷ್ಟೇ. ಹುಟ್ಟಿದಾಗಿನಿಂದಲೇ ಹೊಳೀತಿತ್ತು ಅಂತ ಕಾಣ್ತದೆ." ಮದುವೆಯಾಗದ ಹುಡುಗಿಯ ಕೆನ್ನೆಯ ಮಾತನ್ನು ಹಿರಿಯರೆದುರು ಆಡಲು ನಾಚಿ, ಎಲ್ಲಿಗೆ ತಿಕ್ಕುವುದೆಂದು ಹೇಳದೆ ನಕ್ಕಿದ್ದ. ಜಯಳಿಗೆ ಅರ್ಥವಾಗಿತ್ತು. ಮೂಲೆಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ದೇಯಿ ಅಜ್ಜಿಯೂ ತಲೆದೂಗಿದ್ದಳು.

ಹುಡುಗಿ ನೋಡುವ ದಿನಕ್ಕೆಂದು ಮಾಮಿ ಅದನ್ನು ಮುಟ್ಟದೆ ಇಟ್ಟಿದ್ದಳು. ಆ ದಿನ ಇವತ್ತು. ಕನ್ನಡಿಯ ಕೆಳಗಿನ ಹಲಗೆಯಲ್ಲಿ ಎಣ್ಣೆ, ಬಾಚಣಿಗೆ, ಹಲ್ಲುಪುಡಿ ಎಲ್ಲ ಇದ್ದವು. ಅದೊಂದೇ ಇರಲಿಲ್ಲ.

ಮಾಮಿ ಹಿತ್ತಲಿಗೆ ಬಂದವಳು ಗಕ್ಕನೆ ನಿಂತಳು.

"ಎಂತ ಅದು ನಿನ್ನ ಕೆನ್ನೆಯಲ್ಲಿ?"

ಕಿನ್ನಿ ಮುಟ್ಟಿ ನೋಡಿಕೊಂಡಳು. "ಮೀನಿನ ಹುರುಪೆ, ಮಾಮಿ."

ಮಾಮಿ ಬೆರಳಿನಿಂದ ಒರೆಸಿ ಮೂಸಿದಳು. "ಬೂತಾಯಿಗೆ ಯಾವಾಗಿನಿಂದ ಗುಲಾಬಿ ಪರಿಮಳ ಮಾರಾಯ್ತಿ?"

ಕಿನ್ನಿ ಮತ್ತೊಮ್ಮೆ ಕೆನ್ನೆ ಒರೆಸಿಕೊಂಡಳು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬಲ್ಮಠದಲ್ಲಿ ಹೊಲಿಗೆ ಕಲಿಸುತ್ತೇನೆಂದು ಮಾವ ಕರೆತಂದಿದ್ದ. ಸೋಮವಾರ ಕ್ಲಾಸು ಶುರು.

"ಅವರು ಹೋದ ಕೂಡಲೇ ಗಂಟು ಕಟ್ಟು. ನಿನ್ನ ತೊಕ್ಕೊಟ್ಟಿಗೆ ಬಸ್ಸು ಉಂಟು. ಹೊಲಿಗೆಯೂ ಬೇಡ, ಎಂತದೂ ಬೇಡ. ಕಳ್ಳಿಯನ್ನು ಇಟ್ಟುಕೊಳ್ಳಲಿಕ್ಕೆ ನನ್ನಿಂದಾಗುವುದಿಲ್ಲ."

ಕಿನ್ನಿ ತಲೆ ತಗ್ಗಿಸಿದಳು. ತಗ್ಗಿಸಿದ್ದರಿಂದಲೇ ಕಂಡಿತು. ಕಲ್ಲಿನ ಗುಳಿಯಲ್ಲಿ, ಬಿರುಕುಗಳಲ್ಲಿ, ಅದೇ ಹೊಳಪು ಗಟ್ಟಿಯಾಗಿ ಕೂತಿತ್ತು.

"ಇಲ್ಲಿ ಉಂಟು ಮಾಮಿ. ನಾನಲ್ಲ."

"ನೀನಲ್ಲದೆ ಮೀನು ಚೆಲ್ಲಿತಾ?"

ಬೈಯಲು ಸಮಯವಿರಲಿಲ್ಲ. ಮಾಮಿ ಚಮಚ ತಂದು ಅಷ್ಟನ್ನೂ ಚಹಾದ ಬಸಿಗೆ ಕೆರೆದಳು. ಜಯ ಮುಖ ಸಿಂಡರಿಸಿದಳು.

"ಕಲ್ಲಿನಿಂದ ತೆಗೆದದ್ದಾ ಅಮ್ಮ?"

"ಬಿದ್ದರೆ ದುಬೈಯದ್ದು ದುಬೈಯದ್ದಲ್ಲ ಅಂತ ಆಗ್ತದಾ? ಅಲ್ಲಾಡಬೇಡ."

ಕೆನ್ನೆಯ ಎಲುಬಿನ ಮೇಲೆ, ಮೂಗಿನ ಏಣಿನ ಮೇಲೆ, ಮೇಲ್ದುಟಿಯ ನಡುವೆ ಒಂದು ಚೂರು. ಜಯಳ ಮುಖ ನಿಜಕ್ಕೂ ಬೆಳಗಿತು. ಮಾಮಿ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಅವರೆದುರು ನೀವು ಬಾಯಿ ತೆರೆಯಬಾರದು. ಆಯ್ತಾ?"

ಏನಾದರೊಂದು ಹೇಳಿ ಕೆಲಸ ಕೆಡಿಸುವುದರಲ್ಲಿ ದೇಯಿ ಅಜ್ಜಿಗೆ ಹೆಸರಿತ್ತು. ಅವಳು ತುಟಿ ಬಿಗಿದು ಒಪ್ಪಿದಳು.

ನಾಲ್ಕು ಗಂಟೆಗೆ ಹುಡುಗನ ಕಡೆಯವರು ಬಂದರು. ಹುಡುಗನ ತಾಯಿ ಜಯಳ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಪೌಡರ್ ಮೆತ್ತಿದವರನ್ನು ನಾನು ಗೇಟಿನಿಂದಲೇ ಹಿಡೀತೇನೆ," ಎಂದಳು ಆಕೆ. "ಇದು ಹಾಗಲ್ಲ. ಇದು ಅಜ್ಜಿಯಿಂದ ಬಂದ ಹೊಳಪು ಇರಬೇಕು."

"ಹೌದು, ಹೌದು. ಅವರದ್ದೇ," ಎಂದಳು ಮಾಮಿ.

ಹುಡುಗನ ತಾಯಿ ಜಯಳ ಕೆನ್ನೆಯನ್ನು ಪ್ರೀತಿಯಿಂದ ಸವರಿ, ಬೆರಳುಗಳನ್ನು ತನ್ನ ತುಟಿಗೊತ್ತಿ ಮುತ್ತಿಟ್ಟುಕೊಂಡಳು. "ನಮಗೆ ಒಪ್ಪಿಗೆ."

ಬಾಗಿಲ ಮರೆಯಲ್ಲಿ ಕಿನ್ನಿ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು.

ಮದುವೆ ಗೊತ್ತಾಯಿತಲ್ಲ, ಇನ್ನು ಬಾಯಿ ತೆರೆಯಬಹುದೆಂದು ಅಜ್ಜಿಗೆ ಅನ್ನಿಸಿತು. ಮನಸಾರೆ ನಕ್ಕಳು. ಉಳಿದಿದ್ದ ನಾಲ್ಕು ಹಲ್ಲುಗಳೂ ಫಳಫಳ ಹೊಳೆದವು. ಸೊಂಟಕ್ಕೆ ಸಿಕ್ಕಿಸಿದ್ದ ಚಿನ್ನದ ಬಣ್ಣದ ಡಬ್ಬಿಯನ್ನು ತೆಗೆದು, ಅಂಗೈಗೆ ಬೋರಲು ಕುಟ್ಟಿದಳು. ಏನೂ ಬೀಳಲಿಲ್ಲ.

ಕಿನ್ನಿ ಗಂಟನ್ನು ಮೆಲ್ಲನೆ ಕೆಳಗಿಟ್ಟಳು. ಹುಡುಗನ ತಾಯಿಯ ಬೆರಳು ಇನ್ನೂ ತುಟಿಯ ಮೇಲೆಯೇ ಇತ್ತು.

"ಹಲ್ಲು ತಿಕ್ಕಲಿಕ್ಕೆ ಇಂಥ ಪುಡಿ ನಾನು ಕಂಡದ್ದೇ ಇಲ್ಲ ಅಮ್ಮಣಿ. ಆ ಕಲ್ಲಿನ ಮೇಲೆ ಉಗುಳಲಿಕ್ಕೇ ಮನಸ್ಸು ಬರುವುದಿಲ್ಲ. ಮೋಹನನಿಗೆ ಹೇಳಿ ಇನ್ನೊಂದು ಡಬ್ಬಿ ತರಿಸ್ತೀಯಾ?"