ಮೊಟ್ಟೆಯ ಸುತ್ತ

"ಮೊಟ್ಟೆ ಸುತ್ತ ಕಲ್ಲಿಟ್ಟಿದ್ದು ಯಾರೇ?" ಅತ್ತೆ ದುರ್ಬೀನಿನಿಂದ ಕಣ್ಣು ತೆಗೆಯದೆ ಕೇಳಿದರು.

ಸೊಸೆ ತಿರುಗಿ ನೋಡಿದಳು. "ನಾನೇ ಅತ್ತೆ. ಬೆಳಿಗ್ಗೆ ಹಕ್ಕಿ ಮೇಯೋಕೆ ಹೋದಾಗ ದನ ನುಗ್ಗಿದ್ವು. ಎಲ್ಲಿ ತುಳಿದುಬಿಡ್ತಾವೋ ಅಂತ... ಗೇಣೆತ್ತರದ ಕಲ್ಲು, ಅಷ್ಟೇ."

"ಕೋಟೆ ಕಟ್ಟಿಕೊಟ್ಯಾ? ಚೆನ್ನಾಗಿದೆ. ಕಾವು ಕೊಡೋಕೂ ನೀನೇ ಹೋಗಿ ಕೂತ್ಕೋ."

ಆ ಅಭಯಾರಣ್ಯ ಇದ್ದದ್ದೇ ಈ ಹಕ್ಕಿಗಾಗಿ. ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಈ ವರ್ಷ ಇಡೀ ಹುಲ್ಲುಗಾವಲಿನಲ್ಲಿ ಕಂಡದ್ದು ಇದೊಂದೇ. ಅತ್ತೆ ಇಲ್ಲಿನ ಹಳೆಯ ಕಾವಲುಗಾರ್ತಿ. ಸೊಸೆ ಕೆಲಸಕ್ಕೆ ಸೇರಿ ಇನ್ನೂ ವಾರ. ಇಬ್ಬರೂ ಕಾವಲು ಗುಡಿಸಲಿನ ಕಿಂಡಿಗೆ ಮುಖವೊತ್ತಿ ಕೂತಿದ್ದರು.

ಸೊಂಟದೆತ್ತರದ ಹಕ್ಕಿ ನಾಲ್ಕು ಹೆಜ್ಜೆ ಬರುವುದು, ಕಲ್ಲು ಕಂಡು ಕತ್ತು ನಿಮಿರಿಸುವುದು, ಹಿಂದೆ ಸರಿಯುವುದು. ಬಿಸಿಲು ಏರುತ್ತಿತ್ತು. ನೆರಳಿಲ್ಲದ ಮೊಟ್ಟೆ ಬೆಂದೇ ಹೋಗುತ್ತದೆಂದು ಸೊಸೆಗೂ ಗೊತ್ತಿತ್ತು.

"ಓಡಿಹೋಗಿ ತೆಗೆದುಬಿಡ್ತೀನಿ ಅತ್ತೆ."

ಅತ್ತೆ ಅವಳ ಮುಂಗೈ ಹಿಡಿದರು. "ಈಗ ಮನುಷ್ಯರನ್ನ ಕಂಡ್ರೆ ಅದು ಈ ಕಡೆ ತಲೆನೂ ಹಾಕಲ್ಲ. ಉಸಿರೆತ್ತದೆ ಕೂತ್ಕೋ, ತಾಯಿ."

"ಬರದೇ ಇದ್ರೆ?"

ಅತ್ತೆ ಮತ್ತೆ ದುರ್ಬೀನನ್ನು ಕಣ್ಣಿಗೇರಿಸಿದರು. ಹಿಡಿದ ಕೈ ಮಾತ್ರ ಬಿಡಲಿಲ್ಲ.

ಹಕ್ಕಿ ಮತ್ತೆ ಬಂತು. ಕಲ್ಲುಗಳ ಸುತ್ತ ಒಂದು ಸುತ್ತು ಹಾಕಿ ನಿಂತಿತು. ಕೊನೆಗೆ ಒಂದು ಉದ್ದ ಕಾಲೆತ್ತಿ ಒಳಗಿಟ್ಟಿತು. ಇನ್ನೊಂದನ್ನೂ ಇಟ್ಟಿತು. ರೆಕ್ಕೆ ಸಡಿಲಿಸಿ ಮೊಟ್ಟೆಯ ಮೇಲೆ ಕೂತಿತು.

ಸೊಸೆಗೆ ಹೋದ ಜೀವ ಬಂದಂತಾಯಿತು. "ಕೂತ್ಕೊಂಡ್ತು ಅತ್ತೆ! ಕೂತೇಬಿಡ್ತು! ಇನ್ನೇನು ಭಯ ಇಲ್ಲ ಅಲ್ವಾ?"

ಅತ್ತೆ ನಗಲಿಲ್ಲ. "ಇವತ್ತೋ ನಾಳೆಯೋ ಮರಿ ಆಗೋ ಹೊತ್ತು. ಇನ್ನು ಅದು ಏಳಲ್ಲ, ನಾವೂ ಹತ್ತಿರ ಹೋಗೋ ಹಾಗಿಲ್ಲ. ಎದ್ರೆ ಮರೀನ ಹಿಂದೆ ಕರ್ಕೊಂಡು ಹೊರಡೋಕೇ."

"ಹೊರಡಲಿ ಬಿಡಿ, ಒಳ್ಳೇದೇ ಆಯ್ತಲ್ಲ."

"ತಾಯಿ ಕಾಲೆತ್ತಿ ದಾಟಿದ್ಲು ಕಣೇ. ಮುಷ್ಟಿಯಷ್ಟು ಮರಿ ಹೇಗೆ ದಾಟುತ್ತೆ?"

ಸೊಸೆ ದುರ್ಬೀನನ್ನು ಕಸಿದು ಕಣ್ಣಿಗೊತ್ತಿಕೊಂಡಳು. ಕಲ್ಲಿಗೆ ಕಲ್ಲು ತಾಗಿಸಿ, ಎಷ್ಟು ಜೋಪಾನವಾಗಿ ಜೋಡಿಸಿದ್ದಳೆಂದರೆ, ಬೆರಳು ತೂರುವಷ್ಟೂ ಸಂದಿರಲಿಲ್ಲ.