ಸುಳಿಯ ಕೆಳಗಿನ ಮನೆ

ಮೊದಲು ನಕ್ಷೆಯಲ್ಲಿ ನದಿಯ ಪದರ ಬಂತು, ಕಂಪ್ಯೂಟರ್ ತೆರೆಯ ತುಂಬ ನೀಲಿ. ಅದರ ಮೇಲೆ ಮನೆಗಳ ಪದರವನ್ನು ನೆಲಿತಾ ಕರೆದಾಗ ಊರಿನ ಮನೆಗಳೆಲ್ಲ ಕೆಂಪು ಚುಕ್ಕಿಗಳಾಗಿ ಎದ್ದು, ಮಾರನ್ಯೋನ್ ನದಿಯ ದಡದುದ್ದಕ್ಕೂ ಸಾಲಾಗಿ ಕೂತವು. ಒಂದು ಚುಕ್ಕಿ ಮಾತ್ರ ಬೂದು ಬಣ್ಣದ್ದು, ಹೋಗಿ ನಡುನೀರಿನಲ್ಲಿ ನಿಂತಿತು.

"ಅಂಕಿ ಏನೋ ಹೆಚ್ಚುಕಮ್ಮಿ ಆಗಿದೆ, ಅಳಿಸಿಬಿಡಿ ಅಕ್ಕಾ," ಎಂದ ಗೆರ್ಸನ್. ನಕ್ಷೆಯ ಕೆಲಸ ಕಲಿಸಲು ಇಕಿಟೋಸ್ ಪಟ್ಟಣದಿಂದ ಬಂದವನು ಅವನು.

ನೆಲಿತಾ ಅಳಿಸಲಿಲ್ಲ. ದೋಣಿಯಲ್ಲಿ ಹೋಗಿ ಆ ಜಾಗವನ್ನು ಗುರುತು ಹಾಕಿಸಿಕೊಂಡು ಬಂದವಳು ಅವಳ ಅತ್ತೆ ಎರ್ಮೆಲಿಂದಾ. ಆ ಅತ್ತೆ ಈಗ ಬೆನ್ನ ಹಿಂದೆಯೇ ಸುಟ್ಟ ಬಾಳೆಕಾಯಿಯ ಸಿಪ್ಪೆ ತೆಗೆಯುತ್ತ ಕೂತಿದ್ದಳು.

"ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ ಮೇಷ್ಟ್ರೇ," ಎಂದಳು ಮುದುಕಿ. "ಅದು ನನ್ನ ಮಗ ಅರ್ಲಿಂದೋನ ಮನೆ. ತಿರುವಿನಲ್ಲಿ ಸುಳಿ ಇದೆಯಲ್ಲ, ಅದರ ಕೆಳಗೆ."

ನೀರು ಎಳೆದುಕೊಂಡು ಹೆಣವನ್ನು ಮರಳಿ ಕೊಡದಿದ್ದರೆ, ಅಂಥವರು ಸತ್ತಿರುವುದಿಲ್ಲ. ನದಿಯ ತಳದ ಊರಿನಲ್ಲಿ ಮನೆ ಕಟ್ಟಿಕೊಂಡು ಇರುತ್ತಾರೆ. ಈ ನದಿಯ ದಡದ ಕುಕಾಮಾ ಜನರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೆರ್ಸನ್‌ನ ಅಜ್ಜಿಗೂ ನದಿಯ ತಳದಲ್ಲೊಬ್ಬ ಅಣ್ಣನಿದ್ದ. ಹಾಗಾಗಿ ಅವನು ವಾದಕ್ಕಿಳಿಯದೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಹಾಗಿದ್ರೆ ಮನೆಗೆ ಯಜಮಾನನ ಹೆಸರು ತುಂಬಿಸಿ. ಯಜಮಾನ ಇಲ್ಲದ ಮನೆ ಬೂದು ಬಣ್ಣದಲ್ಲೇ ಉಳಿಯುತ್ತೆ. ನಕ್ಷೆ ಅಚ್ಚಾಗೋವಾಗ ಬರಲ್ಲ."

ಬರಲೇಬೇಕಿತ್ತು. ನದಿಯ ಹೂಳೆತ್ತಲು ದೊಡ್ಡ ಯಂತ್ರ ತರುವವರು ನಕ್ಷೆ ಕೇಳಿದ್ದರು. ಮನೆಗಳಿರುವ ಕಡೆ ತೋಡುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಅದಕ್ಕೆಂದೇ ಊರವರು ನೆಲಿತಾಳನ್ನು ಕಲಿಯಲು ಕೂರಿಸಿದ್ದು. ಕಲಿಕೆ ಅವಳಿಗೆ ಹಿಡಿಸಿತ್ತು. ಮನೆ, ತೋಟ, ಹಳ್ಳಗಳೆಲ್ಲ ಡೇಟಾಬೇಸಿನಲ್ಲಿ ಬರೀ ಅಂಕಿಗಳಾಗಿ ಮಲಗಿರುತ್ತವೆ, ಸರಿಯಾಗಿ ಕರೆದರೆ ಎದ್ದು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ ಎಂದು ಗೆರ್ಸನ್ ಹೇಳಿದ್ದ. ಅಂದಿನಿಂದ ಅವಳು ಗುಂಡಿ ಒತ್ತುವ ಮುನ್ನ ಪ್ರತಿ ಸಲವೂ ತುಟಿಯೊಳಗೇ ಮೆಲ್ಲಗೆ ಕರೆಯುತ್ತಿದ್ದಳು. ಈಗಲೂ ಕರೆದು, ನೀರಿನ ಚುಕ್ಕಿಗೆ ಗಂಡ ಅರ್ಲಿಂದೋನ ಹೆಸರು ತುಂಬಿಸಿದಳು.

ತೆರೆಯ ಮೇಲೆ ಕೆಂಪು ಸಾಲೊಂದು ಮೂಡಿತು: ಈ ವ್ಯಕ್ತಿ ಈಗಾಗಲೇ ಬೇರೊಂದು ಮನೆಯ ಯಜಮಾನ.

"ಯಾವ ಮನೆ?" ಎಂದಳು ಅತ್ತೆ.

ಗೆರ್ಸನ್ ಆ ಸಾಲನ್ನು ಒತ್ತಿ ನೋಡಿದ. ದಡದ ಮೇಲೆ ಅವಳದೇ ಮನೆ ಮಿನುಗಿತು. ಹಿಂದಿನ ದೊಡ್ಡ ನೆರೆಯಲ್ಲಿ ಹೋದವನ ಹೆಸರನ್ನು ಅವಳೇ ಅಲ್ಲಿ ಬರೆದಿದ್ದಳು. ಅವನು ನದಿಯ ತಳದಲ್ಲಿ ಸಂಸಾರ ಹೂಡಿದ್ದಾನೆ ಎಂದು ಊರೆಲ್ಲ ಹೇಳಿದರೂ ಅವಳು ಒಪ್ಪಿರಲಿಲ್ಲ. ಇಂದಲ್ಲ ನಾಳೆ ಒದ್ದೆ ಮೈಯಲ್ಲೇ ಮೆಟ್ಟಿಲು ಹತ್ತಿ ಬರುತ್ತಾನೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

"ಎರಡು ದೋಣಿ ಮೇಲೆ ಕಾಲಿಟ್ಟೋರನ್ನ ಡೇಟಾಬೇಸ್ ಒಪ್ಪಲ್ಲ ಅಕ್ಕಾ," ಎಂದ ಗೆರ್ಸನ್ ಮೆತ್ತಗೆ. "ತೀರಿಕೊಂಡರು ಅಂತ ಹಾಕಿದ್ರೆ ಎರಡೂ ಮನೆಯಿಂದ ಹೆಸರು ಹೋಗುತ್ತೆ. ಒಂದು ಕಡೆ ತೆಗೆದರೆ ಮಾತ್ರ ಇನ್ನೊಂದು ಕಡೆ ಇಡಬಹುದು."

ಎರ್ಮೆಲಿಂದಾ ಸೊಸೆಯ ಕೈಗೊಂದು ಬಾಳೆಕಾಯಿ ಇಟ್ಟಳು. "ಮೊನ್ನೆ ಕನಸಿನಲ್ಲಿ ಬಂದಿದ್ದ ಕಣೇ. ತಲೆ ಮೇಲೆ ಚಪ್ಪಟೆ ತೊರಕೆ ಮೀನಿನ ಟೋಪಿ, ಏನು ಠೀವಿ ಅಂತೀಯ. ಹೆಬ್ಬಾವಿನ ತೂಗುಮಂಚದಲ್ಲಿ ಮಗೂನ ತೂಗ್ತಾ ಇದ್ದ."

"ಯಾರ ಮಗು?"

"ಇನ್ಯಾರದು, ಅವನದೇ."

ನೆಲಿತಾಳ ಹೊಟ್ಟೆ ಉರಿಯಿತು. ಇಷ್ಟು ದಿನ ಅಳು ಬಂದಿತ್ತು, ಭಯ ಬಂದಿತ್ತು. ಹೊಟ್ಟೆಕಿಚ್ಚು ಬಂದದ್ದು ಇದೇ ಮೊದಲು. ಸತ್ತವನ ಮೇಲೆ ಯಾರೂ ಹಾಗೆ ಉರಿಯುವುದಿಲ್ಲ ಎಂದು ಅವಳಿಗೇ ಅನ್ನಿಸಿತು.

"ಅಲ್ಲಿ ಕಟ್ಟಿಕೊಂಡವಳು ಅಡುಗೆ ಗಿಡುಗೆ ಚೆನ್ನಾಗಿ ಮಾಡ್ತಾಳಂತಾ?"

"ನೀರೊಳಗೆ ಏನು ಬೇಯುತ್ತೆ ಹೇಳು. ಉಪ್ಪಿನ ಹರಳೂ ಇಲ್ಲವಂತೆ ಪಾಪ. ನಿನ್ನ ಕೈಯಡುಗೆ ನೆನೆಸ್ಕೊಂಡ."

ನೆಲಿತಾ ನಕ್ಕಳೋ ಅತ್ತಳೋ ಗೆರ್ಸನ್‌ಗೆ ತಿಳಿಯಲಿಲ್ಲ. ಕಿಟಕಿಯಾಚೆ ನದಿ ಮಧ್ಯಾಹ್ನದ ಬಿಸಿಲಿನಲ್ಲಿ ಜೋಂಪು ಹತ್ತಿದ ಹಾಗೆ ಹರಿಯುತ್ತಿತ್ತು. ತಿರುವಿನ ಬಳಿ ಮಾತ್ರ ನೀರು ನಿಧಾನವಾಗಿ ಸುತ್ತುತ್ತಿತ್ತು. ಅಲ್ಲಿ ಯಂತ್ರದ ಬಾಯಿ ಇಳಿದರೆ ಮಗು, ತೂಗುಮಂಚ, ಆ ಹೆಂಗಸು, ಅವನು, ಎಲ್ಲರೂ ಕೆಸರಿನ ಜೊತೆ ಮೇಲೆ ಬರುತ್ತಾರೆ. ನೆಲಿತಾ ತೆರೆಯ ಕಡೆ ತಿರುಗಿದಳು. ಆಮೇಲೆ ದಡದ ಮನೆಯಿಂದ ಅರ್ಲಿಂದೋನ ಹೆಸರು ತೆಗೆದು, ತನ್ನದನ್ನು ಬರೆದಳು.

ಡೇಟಾಬೇಸ್ ಅಷ್ಟಕ್ಕೇ ಬಿಡಲಿಲ್ಲ. ಯಜಮಾನಿ ವಿವಾಹಿತೆಯೋ, ವಿಧವೆಯೋ, ಬೇರೆಯಾದವಳೋ, ಒಂದನ್ನು ಆರಿಸು ಎಂದು ಕೇಳಿತು. ಗೆರ್ಸನ್ ಮುಖ ಆಚೆ ತಿರುಗಿಸಿದ. ಅವಳ ಬೆರಳು ಎರಡನೆಯ ಪದದ ಮೇಲೆ ತುಸು ತಂಗಿ, ಮುಂದಕ್ಕೆ ಹೋಗಿ ಮೂರನೆಯದನ್ನು ಒತ್ತಿತು. ಗಂಡನ ಹೆಸರನ್ನು ಇನ್ನೊಮ್ಮೆ ನೀರಿನ ಚುಕ್ಕಿಗೆ ತುಂಬಿಸಿ, ತುಟಿಯೊಳಗೇ ಕರೆದು ಗುಂಡಿ ಒತ್ತಿದಳು. ನಡುನೀರಿನಲ್ಲಿ ಚುಕ್ಕಿ ಕೆಂಪಾಯಿತು.

ಓದು ಬಾರದ ಎರ್ಮೆಲಿಂದಾ ತೆರೆಯ ಹತ್ತಿರಕ್ಕೆ ಬಗ್ಗಿದಳು. "ಸತ್ತ ಅಂತ ಬರೀಲಿಲ್ಲ ತಾನೆ?"

"ಇಲ್ಲ ಅತ್ತೆ," ಎಂದಳು ನೆಲಿತಾ. "ನನ್ನನ್ನ ಬಿಟ್ಟ ಅಂತ ಬರೆದೆ."