ಸುತ್ತಿನ ಲೆಕ್ಕ

ಬೆಟ್ಟಕ್ಕೆ ಹೊತ್ತೊಯ್ಯುವ ಹ್ಯಾಮ್ ರೇಡಿಯೊದ ಗಿಡ್ಡ ಆಂಟೆನಾಕ್ಕೆ ಒಂದು ಕಾಯಿಲ್ ಬೇಕಿತ್ತು. ಪಿವಿಸಿ ಪೈಪಿನ ತುಂಡಿಗೆ ತಾಮ್ರದ ತಂತಿ ಸುತ್ತಲು ಕೂತ ಗಂಡ ಮೂರು ಸಲ ಎಣಿಕೆ ತಪ್ಪಿದರು. ನಾಲ್ಕನೆಯ ಸಲ ಪೈಪು ಅವಳ ಕೈಗೆ ಬಂತು. ಹೊಲಿಗೆ ಮೆಷಿನ್ನಿನ ಬಾಬಿನ್ ಸುತ್ತಿ ಪಳಗಿದ ಕೈ.

"ಐವತ್ತನಾಲ್ಕು ಸುತ್ತು. ಒಂದೂ ಹೆಚ್ಚು ಕಡಿಮೆ ಆಗಬಾರದು."

ಸುತ್ತಿ ಮುಗಿಸಿದಳು. ಆಂಟೆನಾಕ್ಕೆ ಜೋಡಿಸಿ ನೋಡಿದರೆ ಮೀಟರಿನ ಮುಳ್ಳು ಮಾತ್ರ ಬರಬೇಕಾದ ಜಾಗಕ್ಕೆ ಬರಲಿಲ್ಲ.

"ಪೈಪು ಸಣ್ಣದಾಯ್ತು ಅನ್ಸುತ್ತೆ. ಇನ್ನೆರಡು ಸುತ್ತು..."

"ಇದು ರವಿಕೆ ಹೊಲಿಯೋದಲ್ಲ ಕಣೇ. ನೀನು ಸುಮ್ನಿದ್ರೆ ಸಾಕು," ಎಂದು ಅವರು ಸ್ನಾನಕ್ಕೆ ಹೋದರು.

ಬರುವಷ್ಟರಲ್ಲಿ ಮುಳ್ಳು ಸರಿಯಾದ ಜಾಗದಲ್ಲಿತ್ತು.

"ನೋಡಿದ್ಯಾ? ತಾನಾಗೇ ಸರಿಹೋಯ್ತು."

ಲೋಕದ ಯಾವ ಮೂಲೆಯ ದನಿಗಾದರೂ ಕಿವಿಗೊಡುವ ಈ ಮನುಷ್ಯ ಹೆಂಡತಿಯದೊಂದು ಮಾತನ್ನು ಪೂರ್ತಿ ಕೇಳಲಿ ಎಂಬುದು ಅವಳ ಎಷ್ಟೋ ವರ್ಷಗಳ ಆಸೆ. ಅವರು ಮೂಲೆಗೆಸೆದ ಹಳೆಯ ರೇಡಿಯೊ ಸೆಟ್ಟು, ಲೈಸೆನ್ಸ್ ಪರೀಕ್ಷೆಯ ಪುಸ್ತಕ ಅವಳ ಸೀರೆಯ ಕಪಾಟು ಸೇರಿ ವರ್ಷವಾಗಿತ್ತು. ಎಲ್ಲಿ ಹೋದವೆಂದು ಅವರು ಕೇಳಿರಲಿಲ್ಲ.

ಭಾನುವಾರ ಬೆಟ್ಟದ ತುದಿಯಿಂದ ಅವರು ರೇಡಿಯೊದಲ್ಲಿ ಕರೆ ಕೊಟ್ಟರು. ಗೊರಗೊರ ಸದ್ದಿನ ನಡುವೆ ಒಂದು ಹೆಣ್ಣುದನಿ ಹೊಸದಾಗಿ ಲೈಸೆನ್ಸ್ ಪಡೆದವರ ಕರೆಸಂಕೇತವೊಂದನ್ನು ಹೇಳಿತು. ಅವರು ನೆಟ್ಟಗೆ ಕುಳಿತರು.

"ನಮಸ್ಕಾರ ಮೇಡಂ. ತಮ್ಮ ಮಾತು ಬಹಳ ಚೆನ್ನಾಗಿ ಕೇಳ್ತಿದೆ. ದಯವಿಟ್ಟು ಮುಂದುವರಿಸಿ. ಓವರ್."

"ನಿಮ್ಮದೂ ಚೆನ್ನಾಗಿ ಕೇಳ್ತಿದೆ. ಆಂಟೆನಾ ಯಾವುದು? ಓವರ್."

"ಮನೆಯಲ್ಲೇ ಮಾಡಿದ್ದು ಮೇಡಂ. ಕಾಯಿಲ್ ನಾನೇ ಸುತ್ತಿದೆ, ಸರಿಯಾಗಿ ಐವತ್ತನಾಲ್ಕು ಸುತ್ತು. ಓವರ್."

"ಐವತ್ತಾರು. ನೀವು ಸ್ನಾನಕ್ಕೆ ಹೋದಾಗ ಎರಡು ಸೇರಿಸಿದೆ. ಓವರ್."